ಬಸ್ಸು ನಿಂತಷ್ಟು ಹೊತ್ತು

“ನಾನು ಬರಲ್ಲ. ಇನ್ನು ಸಾಕು,” ಎಂದು ನಾಗಪ್ಪ ಭಂಡಿಗಡಿಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತುಬಿಟ್ಟ. ಕೊಪ್ಪದ ಬಸ್ಸು ಎದುರಿಗೇ ಬಂದು ನಿಂತಿತ್ತು.

ಜಲಜಮ್ಮ ಗಂಡನ ರಟ್ಟೆ ಹಿಡಿದು ಎಳೆದಳು. ಎಳೆಯುವಷ್ಟು ಬಲ ಅವಳ ಕೈಯಲ್ಲಿ ಉಳಿದಿರಲಿಲ್ಲ. ವಾರಕ್ಕೆ ಎರಡು ಸಲ ಅವನಿಗೆ ಡಯಾಲಿಸಿಸ್, ಉಳಿದ ದಿನ ಅವಳಿಗೆ ಎಸ್ಟೇಟಿನ ಕೆಲಸ. ಹೀಗೇ ನಾಲ್ಕು ವರ್ಷ. ಸೋಮವಾರದ್ದನ್ನು ಅವನು ಹಟ ಹಿಡಿದು ತಪ್ಪಿಸಿದ್ದ. ಈಗ ಮುಖ ಊದಿತ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇವತ್ತೂ ತಪ್ಪಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಫೋನಿನಲ್ಲೇ ಹೇಳಿದ್ದರು. ಹರಕೆ ಹೊರುವುದನ್ನು ಜಲಜಮ್ಮ ಬಿಟ್ಟು ಬಹಳ ದಿನವಾಗಿತ್ತು. ದೇವರ ಮೇಲೆ ಸಿಟ್ಟೇನಲ್ಲ. ಕೇಳಿ ಕೇಳಿ ಸುಸ್ತಾಗಿತ್ತು, ಅಷ್ಟೇ.

“ಏಳಿ, ಜನ ನೋಡ್ತಿದಾರೆ.”

“ನೋಡ್ಲಿ. ನಿಂಗೂ ಸಾಕಾಗಿದೆ, ನಂಗೊತ್ತು.”

ಇಲ್ಲ ಎನ್ನಬೇಕಿತ್ತು. ಅವಳೂ ಅವನ ಪಕ್ಕದಲ್ಲೇ ಕುಸಿದು ಕೂತಳು.

ಕಂಡಕ್ಟರ್ ದೇವರಾಜ ಇಳಿದು ಬಂದ. “ಹತ್ತಿ ನಾಗಪ್ಪಣ್ಣ.”

“ನೀ ಹೋಗು ಮಾರಾಯ. ರೈಟ್ ಹೇಳು.”

“ನಿಮ್ಮನ್ನ ಇಲ್ಲಿ ಕೂರಿಸಿ ರೈಟ್ ಹೇಳಕ್ಕೆ ನಂಗಾಗಲ್ಲ.”

ಡ್ರೈವರ್ ಇಂಜಿನ್ ಆರಿಸಿದ. ಹಿಂದಿನ ಸೀಟಿನಿಂದ ಯಾರೋ “ಎಂತ ಮಾರಾಯ್ರೆ, ಹೊತ್ತಾಯ್ತು” ಎಂದು ಕೂಗಿದರು. ಪಕ್ಕದವರು ಏನೋ ಪಿಸುಗುಟ್ಟಿದ ಮೇಲೆ ಆ ದನಿಯೂ ಅಡಗಿತು. ಐದು ನಿಮಿಷವಾಯಿತು, ಹತ್ತಾಯಿತು. ಕಿಟಕಿಗಳ ತುಂಬ ಮುಖಗಳು, ಒಬ್ಬರೂ ಬೈಯಲಿಲ್ಲ.

ಕೊನೆಗೆ ಹುಡುಗಿಯೊಬ್ಬಳು ಹಾಲ್ ಟಿಕೆಟ್ ಹಿಡಿದುಕೊಂಡು ಇಳಿದಳು. ಬಾಳಗಡಿಯ ಕಾಲೇಜಿಗೆ ಹೋಗುವ ಮಾಲತಿ. “ನಾಗಪ್ಪಣ್ಣ, ಹತ್ತಕ್ಕೆ ನಂಗೆ ಪರೀಕ್ಷೆ,” ಎಂದು ಅವನೆದುರು ನಿಂತಳು. ಕಣ್ಣು ತುಂಬಿತ್ತು.

ನಾಗಪ್ಪ ದೇವರಾಜನ ಕಡೆ ತಿರುಗಿದ. “ಈ ಕೂಸಿನ ಮುಖ ನೋಡಿಯಾದ್ರೂ ಬಸ್ಸು ಬಿಡೋ.”

“ನೀವು ಹತ್ತಿ, ಬಿಡ್ತೀನಿ.”

“ಥೂ ನಿಮ್ಮ!” ಎಂದು ನಾಗಪ್ಪ ಕೈ ಚಾಚಿದ. ಮಾಲತಿ ಒಂದು ಕಡೆ, ದೇವರಾಜ ಇನ್ನೊಂದು ಕಡೆ ಹಿಡಿದು ಎಬ್ಬಿಸಿದರು. ಮುಂದಿನ ಸೀಟಿನವರು ಆಗಲೇ ಎದ್ದು ಜಾಗ ಬಿಟ್ಟಿದ್ದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಜಲಜಮ್ಮ ಗಂಡನ ಭಾರವಿಲ್ಲದೆ ಬಸ್ಸು ಹತ್ತಿದಳು.

ಬಾಳಗಡಿಯಲ್ಲಿ ಮಾಲತಿ ಇಳಿದು ಓಡಿದಾಗ ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಯಂತ್ರ ತಿರುಗತೊಡಗಿ, ಒಂದು ಗಂಟೆ ಕಳೆದ ಮೇಲೆ ನಾಗಪ್ಪನ ಉಸಿರು ಹದಕ್ಕೆ ಬಂತು. ಕಣ್ಣು ತೆರೆದ.

“ಬಸ್ಸು ಎಷ್ಟು ಹೊತ್ತು ನಿಂತಿತ್ತೆ?”

“ಕಾಲು ಗಂಟೆ.”

“ಅಷ್ಟೂ ಜನ ಕಾದ್ರಾ?”

“ಹ್ಞೂಂ. ಕಾದ್ರು.”

ಆಡಿದ ಮಾತು ಜಲಜಮ್ಮನ ಕಿವಿಯಲ್ಲೇ ನಿಂತಿತು. ದೇವರು ಕಾಯುತ್ತಾನೆ ಎನ್ನುವಾಗಲೂ ಜನ ಇದೇ ಮಾತನ್ನಲ್ಲವೆ ಆಡುವುದು? ಗಂಡನಿಗೆ ಅದನ್ನು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ರೆಪ್ಪೆ ಭಾರವಾಗಿ, ಮಂಚದ ಅಂಚಿಗೆ ತಲೆಯಿಟ್ಟು ನಿದ್ದೆಹೋದಳು.

ನರ್ಸಮ್ಮ ಅವಳನ್ನು ಎಬ್ಬಿಸಲು ಬಂದಾಗ ನಾಗಪ್ಪ ತುಟಿಯ ಮೇಲೆ ಬೆರಳಿಟ್ಟ. ಯಂತ್ರ ನಿಲ್ಲುವವರೆಗೂ ಕಣ್ಣು ಮುಚ್ಚದೆ ಅವಳ ನಿದ್ದೆಯನ್ನು ಕಾದ.