ಸೊಸೆ ಮಾತಾಡಿದ ಸಂಜೆ

"ಹತ್ತವಲ್ದು ಬೇ," ಎಂದ ರುದ್ರೇಶ, ಹೆಂಡತಿಯ ಫೋನನ್ನು ಅಂಗೈಗೆ ಬಡಿಯುತ್ತ. "ನಿನ್ನೆ ಡಬ್ಬಿ ಕೂಡಿಸಿದಾಗ ಛಲೋ ಹತ್ತಿತ್ತು. ಇವತ್ತು ವೈಫೈದ ಹೆಸರ ತೋರಸವಲ್ದು."

ತಾಯಿ ಕಳಕಮ್ಮ ಪಡಸಾಲೆಯ ಮೂಲೆಯತ್ತ ನೋಡಿದಳು. ಅಲ್ಲಿ ಸೊಸೆ ಸುರೇಖಾಳ ಬಟ್ಟೆಯ ಚೀಲ ತುಂಬಿ ಕೂತಿತ್ತು. ಬೆಳಗಾದರೆ ತವರೂರು ಹುಲಿಹೈದರದಿಂದ ಅವಳ ಅಣ್ಣ ಕರೆದೊಯ್ಯಲು ಬರುವವನಿದ್ದ. ಈ ಸಲ ಹೋದರೆ ಹುಡುಗಿ ತಿರುಗಿ ಬರುವ ಖಾತ್ರಿಯಿರಲಿಲ್ಲ. ಅವಳಿಗೆ ಯಾರೂ ಒಂದು ಮಾತೂ ಅಂದಿರಲಿಲ್ಲ, ತೊಂದರೆಯೇ ಅದು. ಹುಟ್ಟಿನಿಂದ ಕಿವಿ ಕೇಳದ ಸುರೇಖಾಳ ಜೊತೆ ಆ ಮನೆಯಲ್ಲಿ ಮಾತಾಡಬಲ್ಲವರೇ ಇರಲಿಲ್ಲ. ಊಟಕ್ಕೆ ಬಾ, ಕಸ ಹೊಡಿ, ಮಲಗು. ಕಳಕಮ್ಮನ ಕೈಗೆ ಬರುತ್ತಿದ್ದುದು ಅಷ್ಟೇ. ರುದ್ರೇಶ ಪ್ರೀತಿಯಿಂದ ಕಲಿತ ಕೈಮಾತೂ ಅರ್ಧಂಬರ್ಧ. "ಎದುರು ಮಾತಾಡದ ಸೊಸಿ ಸಿಕ್ಕಾಳ, ಪುಣ್ಯಾ ಮಾಡೀದಿ ಬಿಡು," ಎಂದು ಗಿಣಿಗೇರಾದ ಓಣಿಯ ಹೆಂಗಸರು ಹೇಳಿದಾಗ ಕಳಕಮ್ಮ ಬೀಗಿದ್ದೂ ಉಂಟು. ಆಮೇಲೆ ಹುಡುಗಿ ಗಂಗಾಳದ ಮುಂದೆ ಉಣ್ಣದೆ ಕೂರತೊಡಗಿದಳು. ಬೀಗಿದ್ದೆಲ್ಲ ಇಳಿದುಹೋಯಿತು.

ಸುರೇಖಾಳಿಗೊಬ್ಬ ಅಕ್ಕ, ಅಮರಮ್ಮ. ಶ್ರೀರಾಮನಗರಕ್ಕೆ ಕೊಟ್ಟಿದ್ದರು. ಅವಳಿಗೂ ಕಿವಿ ಕೇಳದು; ಇಬ್ಬರೂ ಚಿಕ್ಕಂದಿನಿಂದ ಕೈಯಲ್ಲೇ ಮಾತಾಡಿ ಬೆಳೆದವರು. ಸಿಮ್ಮಿನ ನೆಟ್ಟಿನಲ್ಲಿ ವಿಡಿಯೋ ಕಾಲ್ ಮಾಡಿದರೆ ಅಕ್ಕನ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಎತ್ತಿದ ಬೆರಳು ಏನು ಹೇಳಲು ಎತ್ತಿದ್ದೆಂದು ತಿಳಿಯುವ ಮೊದಲೇ ಕಾಲ್ ಕಟ್. ಅದಕ್ಕೇ ರುದ್ರೇಶ ವೈಫೈ ಹಾಕಿಸಿದ್ದ. ಅಣ್ಣ ಬರುವುದರೊಳಗೆ ಅಕ್ಕ ತಂಗಿ ಒಮ್ಮೆ ಮನಸಾರೆ ಮಾತಾಡಿದರೆ ಹುಡುಗಿ ಉಳಿದಾಳು ಎಂಬ ಆಸೆ ತಾಯಿ ಮಗನಿಗೆ.

"ಡಬ್ಬಿ ಸ್ವಿಚ್ ಬಂದ್ ಮಾಡಿ ಚಾಲೂ ಮಾಡು ಬೇ," ಎಂದ ರುದ್ರೇಶ ಹೊಸ್ತಿಲ ಹೊರಗಿನಿಂದಲೇ. ಡಬ್ಬಿ ಇದ್ದದ್ದು ಅಡುಗೆಮನೆಯಲ್ಲಿ, ದೇವರ ಜಗಲಿಯ ಪಕ್ಕದ ಟ್ರಂಕಿನ ಮೇಲೆ. ಪಾಳಿ ಮುಗಿಸಿ ಬಂದವನ ಮೈತುಂಬ ಕಾರ್ಖಾನೆಯ ಕರಿ ಧೂಳು. ಮೈ ತೊಳೆಯದೆ ಅಲ್ಲಿ ಕಾಲಿಡಕೂಡದೆಂಬುದು ಕಳಕಮ್ಮನ ಕಟ್ಟಪ್ಪಣೆ. ಆ ಧೂಳೆಂದರೆ ಅವಳಿಗೆ ಹಗೆ. ನೀರಿನ ಕೊಡದ ಮೇಲೆ ತಟ್ಟೆ, ಹಾಲಿನ ಮೇಲೆ ಬಟ್ಟಲು, ದೇವರ ಕುಂಕುಮದ ಮೇಲೂ ಒಂದು ವಾಟಗ. ಅವಳ ಅಡುಗೆಮನೆಯಲ್ಲಿ ತೆರೆದಿಟ್ಟದ್ದು ಒಂದೂ ಇರಲಿಲ್ಲ.

ಕಳಕಮ್ಮ ಗೋಡೆಯ ಸ್ವಿಚ್ಚು ಒತ್ತಿ ಬಂದಳು. "ಮಾಡೀನಿ. ಬಂತೇನಪಾ?"

"ಇಲ್ಲ ಬೇ. ನನ್ನ ಫೋನಿನ್ಯಾಗೂ ಇಲ್ಲ."

ಫೋನು ಆರಿಸಿ ಹಚ್ಚಿದ್ದಾಯಿತು, ಏನೇನೋ ಒತ್ತಿ ನೋಡಿದ್ದಾಯಿತು. ವೈಫೈ ಹಾಕಿದವನನ್ನು ಕೇಳಿದರೆ, ನಾಳೆ ಮಧ್ಯಾಹ್ನ ಬರುತ್ತೇನೆ ಎಂದ. ರುದ್ರೇಶ ಫೋನನ್ನು ಸುರೇಖಾಳ ಮಡಿಲಿಗೆ ಹಾಕಿ ತಲೆ ತಗ್ಗಿಸಿದ. ಅವಳು ಅದನ್ನು ಸುಮ್ಮನೆ ನೋಡುತ್ತ ಕೂತಳು. ಕಳಕಮ್ಮನಿಗೆ ಅಳು ಬಂತು. ಅತ್ತರೂ ಹೊಟ್ಟೆ ಕೇಳಬೇಕಲ್ಲ! ಒಳಗೆ ಹೋಗಿ, ಅನ್ನಕ್ಕಿಡಲು ಟ್ರಂಕಿನ ಮೇಲಿದ್ದ ದೊಡ್ಡ ಬೋಗಾಣಿಯನ್ನು ಎತ್ತಿಕೊಂಡಳು.

ನೀರು ತುಂಬುವಷ್ಟರಲ್ಲಿ ಪಡಸಾಲೆಯಿಂದ ಒಂದು ಕೂಗು. ಸುರೇಖಾಳ ಗಂಟಲಿನಿಂದ ಅಂಥ ದನಿ ಬರುತ್ತದೆಂದೇ ಅತ್ತೆಗೆ ಗೊತ್ತಿರಲಿಲ್ಲ. ಬೋಗಾಣಿ ಹಿಡಿದೇ ಓಡಿದಳು. ಫೋನಿನಲ್ಲಿ ಅಮರಮ್ಮ ನಗುತ್ತಿದ್ದಳು.

ರುದ್ರೇಶ ತಾಯಿಯ ಕೈಯನ್ನೇ ನೋಡಿದ. "ಯವ್ವಾ, ಈ ಬೋಗಾಣಿ ಎಲ್ಲಿತ್ತು?"

"ಆ ವೈಫೈ ಡಬ್ಬಿ ಮ್ಯಾಲ. ಮುಂಜಾನಿ ಕರಿ ಧೂಳ ಬಿದ್ದಿತ್ತು. ಇದನ್ನ ಡಬ್ಬ ಹಾಕಿ ಮುಚ್ಚಿದ್ದೆ."

"ಕೆಳಗ ಕಬ್ಬಿಣದ ಟ್ರಂಕ್, ಮ್ಯಾಲ ಬೋಗಾಣಿ! ಅದು ಉಸಿರರೆ ಹೆಂಗ ಬಿಡಬೇಕು ಬೇ?"

ಸುರೇಖಾ ಬೋಗಾಣಿಯನ್ನು ನೋಡಿದಳು, ಗಂಡ ಹಣೆ ಬಡಿದುಕೊಳ್ಳುವುದನ್ನೂ ನೋಡಿದಳು. ಕ್ಷಣದಲ್ಲಿ ಎಲ್ಲ ತಿಳಿಯಿತು. ಎರಡೂ ಕೈ ಬಿಡುವಾಗಲೆಂದು ಫೋನನ್ನು ತುಂಬಿದ ಚೀಲಕ್ಕೇ ಒರಗಿಸಿ ನಿಲ್ಲಿಸಿ ಮಾತಿಗೆ ತೊಡಗಿದಳು.

ಅಬ್ಬಾ, ಏನು ಮಾತು ಅದು! ಡ್ಯಾಮಿನ ಗೇಟು ಎತ್ತಿದಂತೆ. ಬೆರಳು ಕುಣಿದವು, ಹುಬ್ಬು ಏರಿಳಿದವು, ಕೆನ್ನೆ ಉಬ್ಬಿದವು. ಅವಳ ಕೈಗಳಲ್ಲೇ ಕಾರ್ಖಾನೆಯ ಚಿಮಣಿ ಹೊಗೆ ಬಿಟ್ಟಿತು. ಓಣಿಯ ಫಕೀರಮ್ಮ ಸೊಂಟ ಹಿಡಿದುಕೊಂಡು ಕುಂಟುತ್ತ ನೀರಿಗೆ ಹೋದಳು. ಕಳಕಮ್ಮ ಗುರುತು ಹಿಡಿದು ನಕ್ಕೇಬಿಟ್ಟಳು. ಈ ಹುಡುಗಿ ಎಲ್ಲವನ್ನೂ ನೋಡಿದ್ದಾಳೆ, ಎಲ್ಲವನ್ನೂ ಕೂಡಿಟ್ಟುಕೊಂಡಿದ್ದಾಳೆ. ತಾನು ಬಾಯಿಲ್ಲದವಳೆಂದು ಬಗೆದವಳಷ್ಟು ಚೆಂದ ಮಾತಾಡುವವರು ಇಡೀ ಓಣಿಯಲ್ಲಿ ಇರಲಿಲ್ಲ. ಕಳಕಮ್ಮನಿಗೆ ದೇವರ ಮುಂದೆ ನಿಂತಾಗಿನ ಹಾಗೆ ಮೈ ಜುಂ ಎಂದಿತು.

ಸುರೇಖಾ ಎಡಗೈ ಮುಷ್ಟಿಯ ಮೇಲೆ ಬಲಗೈ ಬೋರಲು ಹಾಕಿ ಅತ್ತೆಯ ಕಡೆ ಕಣ್ಣು ಹೊರಳಿಸಿದಳು. ಅಮರಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ ಮಾತಿನ ನಡುವೆ ಅದೇ ಸನ್ನೆ ಮತ್ತೆ ಮತ್ತೆ ಬಂತು.

"ಏನಂತಾಳ ತಮ್ಮಾ?"

"ನನಗೂ ಎಲ್ಲಾ ತಿಳಿಯಂಗಿಲ್ಲ ಬೇ. ನಾಳೆ ಅಣ್ಣ ಉಂಡು ಒಬ್ಬನ ಹೋಗ್ಲಿ ಅಂತಾಳ."

ಕಳಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮತ್ತ ಆ ಡಬ್ಬ ಹಾಕೂದು?"

"ಅದು ನೀನ ಬೇ. ಅವರೊಳಗ ಮಂದಿಗೆ ಕೈಯಾಗ ಹೆಸರು ಇಡತಾರ. ನನಗ ಮೀಸಿ ಅಂತ ಐತಿ. ನಿನಗ ಇಲ್ಲೀತನಕ ಹೆಸರ ಇರಲಿಲ್ಲ. ಈಗ ಇಟ್ಲು."

ಇಷ್ಟು ದಿನ ಒಂದೇ ಸೂರಿನಡಿ ಉಂಡು ಮಲಗಿ, ಸೊಸೆಯ ಮಾತಿನಲ್ಲಿ ತನಗೊಂದು ಹೆಸರೂ ಇರಲಿಲ್ಲವೇ? ಅಷ್ಟರಲ್ಲಿ ಫೋನಿನೊಳಗಿನ ಅಮರಮ್ಮ ನೇರ ಕಳಕಮ್ಮನನ್ನೇ ನೋಡಿ, ಹುಬ್ಬೇರಿಸಿ, ಮುಷ್ಟಿಯ ಮೇಲೆ ಕೈ ಬೋರಲು ಹಾಕಿದಳು.

ಹೆಸರು ಹಿಡಿದು ಕರೆದರೆ 'ಓ' ಅನ್ನಬೇಕಲ್ಲ. ಕಳಕಮ್ಮ ಬೋಗಾಣಿಯನ್ನು ಕೆಳಗಿಟ್ಟು, ಎಡಗೈಯನ್ನು ಮುಷ್ಟಿ ಮಾಡಿ, ಬಲಗೈಯನ್ನು ಅದರ ಮೇಲೆ ಬೋರಲು ಹಾಕಿದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡಳು.