ಗಡಿಗೆ ಒಪ್ಪಿದ ಪಿಕಪ್

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲು ಹೊರಟವನಿಗೆ ಊರೆಲ್ಲ ಗುರುಗಳೇ...

ಒಬ್ಬ ಇಂಜಿನ್ ನೋಡು ಅಂತಾನೆ, ಇನ್ನೊಬ್ಬ ಟೈರ್ ನೋಡು ಅಂತಾನೆ. ಜನ್ಮದಲ್ಲಿ ಸೈಕಲ್ ಹೊಡೆಯದವನೂ ಮೈಲೇಜಿನ ಬಗ್ಗೆ ಭಾಷಣ ಬಿಗಿಯುತ್ತಾನೆ.

ಹಾವೇರಿ ಕಡೆಯ ಮಾಲತೇಶ ಕುಂಬಾರ ಮಾತ್ರ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಅವನ ಹತ್ತಿರ ಅಜ್ಜನ ಕಾಲದ ಒಂದು ಪರೀಕ್ಷೆ ಇತ್ತು.

ಗಡಿಗೆಗೆ ಕಂಠದವರೆಗೆ ನೀರು ತುಂಬಬೇಕು... ಗಾಡಿಯ ಹಿಂದೆ ಇಡಬೇಕು... ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೊಡೆಯಬೇಕು.

ನೀರು ಚೆಲ್ಲದಿದ್ದರೆ ಗಾಡಿ ಪಾಸ್. ಚೆಲ್ಲಿದರೆ ಬಂಗಾರದ ಗಾಡಿಯಾದರೂ ಬೇಡ.

ಅಜ್ಜ ಎತ್ತಿನ ಬಂಡಿ ಆರಿಸಿದ್ದು ಹೀಗೆಯೇ, ಅಪ್ಪ ಲಗೇಜ್ ಆಟೋ ಆರಿಸಿದ್ದೂ ಹೀಗೆಯೇ. ಮಣ್ಣಿನ ಗಡಿಗೆ ಮಾರಿ ಬದುಕುವವರು ಅವರು, ಗಾಡಿ ಕುಣಿದರೆ ಸಂತೆ ಮುಟ್ಟುವಷ್ಟರಲ್ಲಿ ಬರೀ ಚೂರು ಉಳಿಯುತ್ತವೆ.

ಆದರೆ ಆ ಆಟೋ ಈಗ ಸಾಲುತ್ತಿರಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ತಾಯಿ ಗಂಗವ್ವ... ಮೇಲಾಗಿ ಹೆಂಡತಿ ರತ್ನವ್ವನಿಗೆ ಈಗ ಐದು ತಿಂಗಳು.

ವಾರದ ಸಂತೆಗೆ ರತ್ನವ್ವ ಹೋಗಲೇಬೇಕು. ಮಾಲತೇಶನಿಗೆ ಗಡಿಗೆ ಮಾಡಲು ಬರುತ್ತದೆಯೇ ಹೊರತು ಮಾರಲು ಬರುವುದಿಲ್ಲ. ಗಿರಾಕಿ ಮುಖ ಸಪ್ಪಗೆ ಮಾಡಿದರೆ ಸಾಕು, ಪುಣ್ಯಾತ್ಮ ಅರ್ಧ ರೇಟಿಗೆ ಕೊಟ್ಟು ಕೈಮುಗಿಯುತ್ತಾನೆ.

ಒಂದು ಭಾನುವಾರ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ತಾಯಿ ಮತ್ತು ಹೆಂಡತಿಯ ಜೊತೆ ಮಾಲತೇಶ ಹಳೇ ಗಾಡಿಗಳ ಯಾರ್ಡಿಗೆ ಬಂದ. ಕೈಯಲ್ಲಿ ಗಡಿಗೆ...

ಯಾರ್ಡಿನ ಬ್ರೋಕರ್ ಅದನ್ನು ನೋಡಿ ನಕ್ಕ. "ಏನ್ರಿ ಅಣ್ಣಾರ, ಗಾಡಿ ಪೂಜಿ ಮಾಡಾಕ ಈಗ್ಲೇ ಬಂದ್ರೇನು?"

ಮೊದಲನೇ ಪಿಕಪ್ ಮದುಮಗನ ಹಾಗೆ ಮಿಂಚುತ್ತಿತ್ತು. ಒಂದು ಸುತ್ತು ಹೊಡೆದು ಬಂದರೆ, ಗಡಿಗೆಯಲ್ಲಿ ಅರ್ಧ ನೀರಿಲ್ಲ. ಫೇಲ್.

ಎರಡನೆಯದು ಬಣ್ಣ ಹೋದ ಗಾಡಿ. ಆದರೆ ಡಬಲ್ ಕ್ಯಾಬಿನ್, ಹಿಂದೆಯೂ ಒಂದು ಸೀಟು.

"ಇದರಾಗ ಕುಂತ್ರ ಆರಾಮ ಅನಸ್ತದ ನೋಡ್ರಿ," ಪಕ್ಕದ ಸೀಟಿನಲ್ಲಿದ್ದ ರತ್ನವ್ವ ಮೆಲ್ಲಗೆ ಹೇಳಿದಳು.

"ಆರಾಮ ತಗೊಂಡ ಏನ್ ಮಾಡೂದು? ನೀರು ನೋಡಿಲ್ಲಿ, ಎಲ್ಲಾ ಚೆಲ್ಲಿ ಹೋಗೇತಿ," ಎಂದ ಮಾಲತೇಶ.

ಮೂರನೆಯದು ಸಿಂಗಲ್ ಕ್ಯಾಬಿನ್. ಉದ್ದನೆಯ ಹಿಂಭಾಗ. ಅದೇ ಹಾಳು ರಸ್ತೆ, ಅದೇ ತಗ್ಗು ದಿಬ್ಬ...

ಸುತ್ತು ಮುಗಿಸಿ ಗಾಡಿ ನಿಲ್ಲಿಸಿದವನೇ ಮಾಲತೇಶ ಹಿಂದಕ್ಕೆ ಓಡಿದ. ಗಡಿಗೆ ಇಟ್ಟಲ್ಲೇ ಇತ್ತು. ಒಂದು ಹನಿ ಚೆಲ್ಲಿರಲಿಲ್ಲ.

"ರತ್ನಾ, ಬಾ ಇಲ್ಲಿ, ನೋಡು... ಇದ ನಮ್ಮ ಗಾಡಿ," ಎಂದು ಕೂಗಿದ. ಬ್ರೋಕರನ ಕೈ ಹಿಡಿದು ಕುಲುಕಿಯೂ ಬಿಟ್ಟ.

ರತ್ನವ್ವ ಇಳಿಯಲಿಲ್ಲ...

ಗೇಟಿನ ಬಳಿ ಕೂತಿದ್ದ ಗಂಗವ್ವ ಎದ್ದು ಬಂದು ಬಾಗಿಲು ತೆರೆದಳು. ಸೊಸೆ ಒಂದು ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದಿದ್ದಳು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಮುಖ ಬೆವರಿತ್ತು.

"ಏನಾತವ್ವ?"

"ಏನಿಲ್ರಿ ಅತ್ತಿ... ಸೀಟಿನ ಸ್ಪ್ರಿಂಗ್ ಸತ್ತೈತಿ, ನಡಕ್ಕ ಬಡೀತು. ಕೂಸು ಒದ್ಯಾಕತ್ತೈತಿ, ಏನೂ ಆಗಿಲ್ಲ. ಗಡಿಗಿ ಚಲೋ ಐತಲ್ಲ, ಅಷ್ಟ ಸಾಕು."

ಮಾಲತೇಶ ನಿಂತಲ್ಲೇ ನಿಂತ. ಗಾಡಿಯ ಹಿಂದೆ ಗಡಿಗೆ ತುಂಬಿದ ಹಾಗೆಯೇ ಇತ್ತು.

ಗಂಗವ್ವ ಮಗನನ್ನು ಬೈಯಲಿಲ್ಲ. ಸೊಸೆಯನ್ನು ಮೆಲ್ಲಗೆ ಇಳಿಸಿ, ಕೂಡಿಸಿ, ನೀರು ಕುಡಿಸಿದಳು. ಆಮೇಲೆ ಹೇಳಿದಳು...

"ನಿಮ್ಮಜ್ಜ ಬಂಡ್ಯಾಗ ಗಡಿಗಿ ಇಟ್ಟ ನೋಡ್ತಿದ್ದ, ಖರೆ. ಆದ್ರ ಆಗ ಬಂಡ್ಯಾಗ ಕುಂಡ್ರೂವು ಗಡಿಗಿ ಅಷ್ಟ ಇದ್ವಪ್ಪ. ನಾವು ಹೆಣಮಕ್ಕಳು ಹಿಂದ ನಡಕೊಂಡ ಬರ್ತಿದ್ವಿ."

"ನಿನ್ನ ಹೊಟ್ಟ್ಯಾಗ ಇಟ್ಕೊಂಡ ನಾನೂ ಸಂತಿಗೆ ನಡದೀನಿ. ಕಾಲು ಬಾತಿದ್ವು. ಬಂಡಿ ಮುಂದ ಹೋಗ್ತಿತ್ತು... ಯಾರೂ ತಿರುಗಿ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ."

ಮಾಲತೇಶನ ಕಣ್ಣು ತುಂಬಿ ಬಂದವು. ನಾಲ್ಕು ಜನ ನೋಡುತ್ತಾರೆ ಅನ್ನುವ ನಾಚಿಕೆಯೂ ಇಲ್ಲದೆ ಅಲ್ಲೇ ಅತ್ತುಬಿಟ್ಟ. ಮಗುವಿನ ಹಾಗೆ ಅತ್ತ.

ಆಮೇಲೆ ಬ್ರೋಕರನಿಗೆ ಕೀಲಿ ಕೊಟ್ಟು, ಅದೇ ಮೂರನೇ ಗಾಡಿಯಲ್ಲಿ ಹೆಂಡತಿ ಕೂತಿದ್ದ ಸೀಟಿನಲ್ಲಿ ತಾನು ಕೂತ. "ಹೊಡೀರಿ," ಎಂದ.

ಎರಡು ತಗ್ಗು ದಾಟುವಷ್ಟರಲ್ಲಿ ಸಾಕೋ ಸಾಕು ಅನ್ನಿಸಿತು. ಇಂಥ ಸೀಟಿನಲ್ಲಿ ಅವಳು ಪ್ರತಿವಾರ, ನಾಳೆ ಎಳೆ ಕೂಸನ್ನು ಮಡಿಲಲ್ಲಿಟ್ಟುಕೊಂಡು... ಅವನಿಗೆ ಮುಂದೆ ಯೋಚಿಸಲು ಆಗಲಿಲ್ಲ.

ವಾಪಸ್ ಬಂದು ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ತಪ್ಪಾತ ರತ್ನಾ. ನೀನ ಹೇಳು, ಯಾವ ಗಾಡಿ?"

ಅವಳು ಬಣ್ಣ ಹೋದ ಡಬಲ್ ಕ್ಯಾಬಿನ್ ಕಡೆ ನೋಡಿದಳು. ಬಾಯಿ ಬಿಟ್ಟು ಹೇಳಲು ಸಂಕೋಚ...

ಬ್ರೋಕರ್ ತಲೆ ಕೆರೆದುಕೊಂಡ. "ಅಣ್ಣಾರ, ಅದು ಗಡಿಗಿ ಪರೀಕ್ಷಾದಾಗ ಫೇಲ್ ಆಗೇತಲ್ರಿ?"

"ಆಗಲಿ ಬಿಡ್ರಿ. ಗಡಿಗಿ ಕೆಳಗ ಹುಲ್ಲು ಹಾಸಬಹುದು... ಹೊಟ್ಟ್ಯಾಗಿನ ಕೂಸಿನ ಕೆಳಗ ಏನ್ ಹಾಸ್ಲಿ?" ಎಂದ ಮಾಲತೇಶ.

ಬ್ರೋಕರ್ ಹೋಗಿ ಡಬಲ್ ಕ್ಯಾಬಿನ್ ಗಾಡಿಯ ಕೀಲಿ ತಂದುಕೊಟ್ಟ.

ಮನೆಗೆ ಹೋಗುವ ದಾರಿಯಲ್ಲಿ ಮಾಲತೇಶ ಎಷ್ಟು ನಿಧಾನ ಹೊಡೆದನೆಂದರೆ, ಸೈಕಲ್‌ನವರು ಹಿಂದೆ ಹಾಕಿ ಹೋದರು. ಹಿಂದಿನ ಸೀಟಿನಲ್ಲಿ ಗಂಗವ್ವ ಕಾಲು ಚಾಚಿ ಕೂತಿದ್ದಳು.

"ಮನಿ ಮುಟ್ಟೂದ್ರಾಗ ಹೆರಿಗಿ ಆಗ್ತದ, ಸ್ವಲ್ಪ ಜೋರ ಹೊಡಿ," ಅಂದಳು.

ರತ್ನವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮುಂದಿನ ಸಂತೆಯಲ್ಲಿ ಹುಲ್ಲು ಹಾಸಿದ್ದರೂ ಎರಡು ಗಡಿಗೆ ಸೀಳು ಬಿಟ್ಟಿದ್ದವು. ರತ್ನವ್ವ ಅವನ್ನು ತುಳಸಿ ಗಿಡ ಹಚ್ಚಲು ಅಂತ ಮಾರಿಬಿಟ್ಟಳು. ಮಾಲತೇಶ ಬಾಯಿ ಬಿಟ್ಟು ನೋಡುತ್ತಾ ಕೂತಿದ್ದ.

ಸಾಮಾನು ಒಡೆದರೆ ಸದ್ದಾಗುತ್ತದೆ... ಮನೆಯವರಿಗೆ ನೋವಾದರೆ ಸದ್ದಾಗುವುದಿಲ್ಲ, ನಾವೇ ಕೇಳಬೇಕು.

ಇವತ್ತು ಮನೆಗೆ ಹೋದ ಮೇಲೆ ನೀವು ಮೊದಲು ವಿಚಾರಿಸುವುದು ಏನನ್ನು... ಯಾರನ್ನು?