ಮೊಟ್ಟೆಯಿಲ್ಲದ ಕಲ್ಲುರಾಶಿ

ಸಮೀಕ್ಷೆಗೆ ಬಂದಿದ್ದ ಹುಡುಗಿ ಕಾಗದದ ಮೇಲೆ ‘ಮೊಟ್ಟೆ ಇಲ್ಲ’ ಎಂದು ಬರೆದು, ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ಕಲ್ಲಕ್ಕ ಸುತ್ತಿಗೆ ಕೆಳಗಿಟ್ಟು ಎದ್ದು ಬಂದಳು.

ಕಲ್ಲಕ್ಕ ಇಪ್ಪತ್ತಾರು ವರ್ಷದಿಂದ ಆ ಹಿಮಬೆಟ್ಟದ ರಸ್ತೆಯಲ್ಲಿ ಕಲ್ಲು ಒಡೆದು ಗೋಡೆ ಕಟ್ಟುತ್ತ ಬಂದವಳು. ಮರಗಳು ಹತ್ತಿ ಬರಲಾರದೆ ಕೆಳಗೇ ನಿಂತುಬಿಟ್ಟ ಎತ್ತರ ಅದು. ಬೇಸಿಗೆಯಲ್ಲೂ ಬೆಳಗ್ಗೆ ಬಕೆಟ್ಟಿನ ನೀರು ಗಾಜಿನ ಹಾಗೆ ಗಟ್ಟಿಯಾಗಿರುತ್ತಿತ್ತು. ತಿರುವಿನಲ್ಲಿ ಹಳೆಯ ಗೋಡೆ ಕುಸಿದು ಕಲ್ಲಿನ ರಾಶಿ ಬಿದ್ದಿತ್ತು. ಅದನ್ನೇ ಒಡೆದು ಹಿಮ ಬೀಳುವುದರೊಳಗೆ ಹೊಸ ಗೋಡೆ ಎಬ್ಬಿಸುವುದೆಂದು ಮೇಸ್ತ್ರಿ ತೀರ್ಮಾನಿಸಿದ್ದ. ಆದರೆ ರಾಶಿಯಲ್ಲಿ ಕಲ್ಲುಹಲ್ಲಿಗಳಿದ್ದವು. ಅವು ಅಲ್ಲಿ ಮರಿ ಮಾಡುತ್ತಿದ್ದರೆ ರಾಶಿ ಮುಟ್ಟುವ ಹಾಗಿಲ್ಲ. ಮಾಡದಿದ್ದರೆ ಸಂಜೆಯೊಳಗೆ ಎಲ್ಲ ಜಲ್ಲಿ. ಅದನ್ನು ನೋಡಿ ಹೇಳಲೆಂದೇ ಇಲಾಖೆಯವರು ಈ ಹುಡುಗಿಯನ್ನು ಕಳಿಸಿದ್ದರು.

ಹುಡುಗಿ ನಾಲ್ಕು ದಿನ ಒಂದೊಂದೇ ಕಲ್ಲು ಎತ್ತಿ ನೋಡಿದ್ದಳು. ಚಳಿಗೆ ಬೆರಳ ತುದಿ ಒಡೆದರೂ ಬಿಟ್ಟಿರಲಿಲ್ಲ. ಎತ್ತಿದ ಕಲ್ಲನ್ನು ಇದ್ದ ಹಾಗೆ ಇಡದೆ ಮಗುಚಿ ಇಡುತ್ತಾಳಲ್ಲ, ಹಲ್ಲಿಗಳ ಸಂದಿ ಮುಚ್ಚಿಹೋಗುತ್ತದಲ್ಲ ಎಂದು ಕಲ್ಲಕ್ಕನಿಗೆ ಒಳಗೊಳಗೇ ಸಿಟ್ಟು. ಆದರೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ನಿಜ ಹೇಳಬೇಕೆಂದರೆ, ರಾಶಿ ಒಡೆದರೆ ಅನುಕೂಲ ಅವಳಿಗೇ. ಕೂತಲ್ಲೇ ಕಲ್ಲು, ನಿಂತಲ್ಲೇ ಗೋಡೆ. ಇಲ್ಲವೆಂದರೆ ನಾಲ್ಕು ತಿರುವು ಕೆಳಗಿನ ಹಳ್ಳದಿಂದ ಬೆನ್ನ ಮೇಲೆ ಹೊತ್ತು ತರಬೇಕು. ಆದರೆ ಕಣ್ಣೆದುರಿಗೇ ಸುಳ್ಳೊಂದು ಸಹಿ ಹಾಕಿಸಿಕೊಂಡು ಹೋಗುವುದನ್ನು ನೋಡುತ್ತ ಕೂರುವುದು ಅವಳ ಜಾಯಮಾನವಲ್ಲ.

“ನಾಲ್ಕು ದಿನದಿಂದ ಇಲ್ಲದ್ದನ್ನ ಹುಡುಕ್ತಿದ್ದೀರಿ,” ಎಂದಳು. “ಮೊಟ್ಟೆ ಬಿಟ್ಹಾಕಿ. ಬಸುರೀನ ಹುಡುಕಿ.”

ಮೇಸ್ತ್ರಿ ನಕ್ಕ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತಾರೆ, ಇಲ್ಲಿ ಹಲ್ಲಿಗೆ ಕಲ್ಲಕ್ಕ ಸಾಕ್ಷಿಯಾ ಎಂದ. ಹಲ್ಲಿ ಎಲ್ಲಾದರೂ ಹೆರುವುದುಂಟೇ ಎಂದು ಹುಡುಗಿಯ ಕಡೆ ತಿರುಗಿದ. ಹುಡುಗಿ ನಗಲಿಲ್ಲ. ಚಳಿ ನಾಡಿನ ಹಲ್ಲಿಗಳು ಕೆಲವು ಮರಿಯನ್ನೇ ಹಾಕುತ್ತವೆಂದು ಎಲ್ಲೋ ಓದಿದ ನೆನಪು ಅವಳಿಗಿತ್ತು. ಆದರೆ ಕೈಗೆ ಕೊಟ್ಟು ಕಳಿಸಿದ ಕಾಗದದಲ್ಲಿ ಮೊಟ್ಟೆಗೆ ಮಾತ್ರ ಜಾಗವಿತ್ತು.

“ಈ ನೆಲದಲ್ಲಿ ಮೊಟ್ಟೆ ಇಟ್ರೆ ಅದೂ ಒಂದು ಕಲ್ಲಾಗತ್ತೆ, ಅಷ್ಟೇ,” ಎಂದಳು ಕಲ್ಲಕ್ಕ. “ಅದಕ್ಕೇ ತಾಯಿ ಕೆಳಗಿಡೋದೇ ಇಲ್ಲ. ಹೊಟ್ಟೇಲೇ ಇಟ್ಕೊಂಡು ಬಿಸಿಲಿಂದ ಬಿಸಿಲಿಗೆ ಹೊತ್ಕೊಂಡು ತಿರುಗ್ತಾಳೆ.”

ಒಂದು ಹಲ್ಲಿಯ ಕಥೆಯನ್ನೂ ಹೇಳಿದಳು. ಮುಂಗಾಲಿನ ಬೆರಳೊಂದು ಇಲ್ಲದ್ದು, ಹಾಗಾಗಿ ಗುರುತು ತಪ್ಪುವುದಿಲ್ಲ. ಹೋದ ವರ್ಷ ಹಿಮ ಬೀಳುವ ಮುಂಚೆ ತುಂಬಿದ ಹೊಟ್ಟೆಯಲ್ಲೇ ಕಲ್ಲಿನಡಿ ಹೋಯಿತು, ಹಿಮ ಕರಗಿದ ಮೇಲೆ ತುಂಬಿದ ಹೊಟ್ಟೆಯಲ್ಲೇ ಎದ್ದು ಬಂತು. ಚಳಿಗಾಲ ಪೂರ್ತಿ ಬಸುರು ಹೊತ್ತಿತ್ತು. ಮೇಸ್ತ್ರಿ ಗಡಿಯಾರ ನೋಡಿಕೊಂಡ. ಕಥೆ ಕೇಳುತ್ತ ಕೂತರೆ ಗೋಡೆ ಏಳುವುದಿಲ್ಲ, ಸಹಿ ಹಾಕಿ ಎಂದ. ಬೆಟ್ಟದ ನೆತ್ತಿ ದಾಟಿ ಬಿಸಿಲು ಬರುವ ತನಕ ತಡೆಯಿರಿ, ಆಮೇಲೆ ಏನು ಬೇಕಾದರೂ ಬರೆಯಿರಿ ಎಂದಳು ಕಲ್ಲಕ್ಕ. ಹುಡುಗಿ ಪೆನ್ನು ಜೇಬಿಗಿಟ್ಟಳು.

ಬಿಸಿಲು ರಾಶಿಯ ಮೇಲಿನ ಕಲ್ಲನ್ನು ಮುಟ್ಟಿತು. ಸಂದಿಗಳಿಂದ ಹಲ್ಲಿಗಳು ಒಂದೊಂದೇ ಹೊರಬಂದವು. ಸಣಕಲು ಹಲ್ಲಿಗಳು ಸ್ವಲ್ಪ ಬೆಚ್ಚಗಾದದ್ದೇ ನೊಣದ ಹಿಂದೆ ಬಿದ್ದವು. ದಪ್ಪನೆಯವು ಮಾತ್ರ ಹೊಟ್ಟೆಯನ್ನು ಕಲ್ಲಿಗೆ ಅಂಟಿಸಿ, ಹೆಂಚಿನ ಮೇಲಿಟ್ಟ ರೊಟ್ಟಿಯ ಹಾಗೆ ಅಲ್ಲಾಡದೆ ಮಲಗಿದವು. ಕಲ್ಲಕ್ಕ ಅಂಗೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು, ಒಂದನ್ನು ಮೆಲ್ಲನೆ ಎತ್ತಿ ಹುಡುಗಿಯ ಕೈಗಿಟ್ಟಳು.

“ಒತ್ತಬೇಡಿ. ಬೆರಳು ಸುಮ್ನೆ ಇಡಿ, ಸಾಕು.”

ಹುಡುಗಿ ಕಣ್ಣು ಮುಚ್ಚಿದಳು. ತೆಳ್ಳನೆಯ ಚರ್ಮದಡಿ ಸಣ್ಣ ಸಣ್ಣ ಉಂಡೆಗಳು ಸಿಕ್ಕವು. ಎಣಿಸಿದಳು. ಬೆರಳು ಅಲ್ಲೇ ನಿಂತಿತು.

“ಒಂದು ಹೊರಳ್ತು,” ಎಂದಳು, ಪಿಸುದನಿಯಲ್ಲಿ.

ಹಲ್ಲಿಯನ್ನು ಅದೇ ಬಿಸಿಲಿಗೆ ಮರಳಿ ಇಟ್ಟು, ಬರೆದದ್ದರ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಕಾಗದದ ಹಿಂಬದಿಯಲ್ಲಿ ತಾನೇ ಹೊಸದಾಗಿ ಬರೆಯತೊಡಗಿದಳು: ಈ ರಾಶಿ ಇಲ್ಲೇ ಇರಬೇಕು. ಮರಿಗಳು ಹುಟ್ಟಿದ ಕೂಡಲೇ ಓಡುತ್ತವೆ ನಿಜ, ಆದರೆ ಹಿಮ ಬಂದಾಗ ಅವಕ್ಕೂ ಈ ರಾಶಿಯ ಹೊಟ್ಟೆಯೇ ಮನೆ ಎಂದು ಕಲ್ಲಕ್ಕ ಹೇಳಿದ್ದನ್ನೂ ಸೇರಿಸಿಕೊಂಡಳು. ಕೊನೆಗೆ ಸಹಿ ಹಾಕಿದಳು.

ಮೇಸ್ತ್ರಿ ಮುಖ ಗಂಟಿಕ್ಕಿಕೊಂಡ. “ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆ, ಕಲ್ಲಕ್ಕ.”

“ಹಾಕ್ಕೊಂಡೆ. ಎತ್ತೋದೂ ಗೊತ್ತು,” ಎಂದು ಕಲ್ಲಕ್ಕ ನಡುಪಟ್ಟಿ ಬಿಗಿದು, ಬುಟ್ಟಿ ಬೆನ್ನಿಗೇರಿಸಿ ಹಳ್ಳಕ್ಕೆ ಇಳಿದಳು.

ಮಧ್ಯಾಹ್ನದೊಳಗೆ ಮೂರು ಸಲ ಹೊತ್ತು ತಂದಳು. ಬೆನ್ನು ಬೆಂಕಿಯಾಗಿತ್ತು, ಆದರೆ ಮನಸ್ಸಿಗೆ ಯಾವ ಭಾರವೂ ಇರಲಿಲ್ಲ. ನಾಲ್ಕನೆಯ ಬುಟ್ಟಿ ಹೊತ್ತು ಕೊನೆಯ ತಿರುವು ಹತ್ತಿದಾಗ ಮೇಸ್ತ್ರಿ ರಾಶಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

“ಮೇಸ್ತ್ರಿ, ಸ್ವಲ್ಪ ಆ ಕಡೆ ಸರೀರಿ,” ಎಂದಳು ಏದುಸಿರಿನಲ್ಲಿ. “ನಿಮ್ಮ ನೆರಳು ಬೀಳ್ತಿದೆ.”

ಯಾರ ಮೇಲೆ ಎಂದು ಅವನು ಕೇಳಲಿಲ್ಲ. ಎರಡು ಹೆಜ್ಜೆ ಸರಿದು ನಿಂತ.